ಅಧ್ಯಕ್ಷರೂ ಮಂಗ್ಯಾನೂ

"ಅಧ್ಯಕ್ಷರು ಹೋದರು" ಎಂದು ಪಕ್ಕದ ಮನೆಯ ಕಾಂಪೌಂಡಿನಿಂದ ಯಾರೋ ಕೂಗಿ ಹೇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು "ಎಲ್ಲಿಗೆ?" ಎಂಬುದು. ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವರು ತಾವಾಗಿ ಅಪ್ಪಣೆ ಕೊಡದೆ ಎಲ್ಲಿಗೂ ಹೋದ ಮನುಷ್ಯರಲ್ಲ. ಸಾವೇ ಬಾಗಿಲಿಗೆ ಬಂದು ನಿಂತರೂ "ನಾಳೆ ಬರ್ರಿ, ಇವತ್ತು ಕಮಿಟಿ ಐತಿ" ಎಂದು ವಾಪಸು ಕಳಿಸಿಯಾರು ಎಂದೇ ನಾವೆಲ್ಲ ತಿಳಿದಿದ್ದೆವು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ದಾಂಡೇಲಿಯ ನಮ್ಮ ಕಾಲನಿಯವರಿಗೇ ಗುರುತು ಸಿಗಲಿಕ್ಕಿಲ್ಲ. ನಮಗೆಲ್ಲ ಅವರು ಅಧ್ಯಕ್ಷರು, ಅಷ್ಟೇ. ಅಂಚೆಯವನೂ ಹಾಗೇ ಕರೆಯುತ್ತಿದ್ದ, ಹಾಲಿನವಳೂ ಹಾಗೇ ಕರೆಯುತ್ತಿದ್ದಳು. ಸ್ವಂತ ಹೆಂಡತಿ ಕೂಡ ಸಿಟ್ಟು ಬಂದ ದಿನ "ಅಧ್ಯಕ್ಷರು ಊಟಕ್ಕ ಏಳಬೇಕು" ಎನ್ನುತ್ತಿದ್ದರು.

ಹುಟ್ಟಿದ್ದು ಧಾರವಾಡದ ಕಡೆಯ ಒಂದು ಹಳ್ಳಿಯಲ್ಲಿ. ಹರೆಯದಲ್ಲಿ ದಾಂಡೇಲಿಗೆ ಬಂದು ಕಾಗದದ ಕಾರ್ಖಾನೆಯ ಬಾಯ್ಲರ್ ವಿಭಾಗಕ್ಕೆ ಸೇರಿದರು. ಅಲ್ಲಿಯ ಗದ್ದಲದಲ್ಲಿ ಒಬ್ಬರಿಗೊಬ್ಬರು ಕೇಳಿಸಬೇಕಾದರೆ ಕಿರುಚಬೇಕು. ನಿವೃತ್ತರಾಗಿ ಬಂದ ಮೇಲೂ ಅವರು ಬಾಯ್ಲರ್ ಪಕ್ಕದಲ್ಲೇ ನಿಂತವರಂತೆ ಮಾತಾಡುತ್ತಿದ್ದರು. "ಉಪ್ಪು ಕಡಿಮಿ ಆಗೈತಿ" ಎಂದು ಅವರು ಮನೆಯಲ್ಲಿ ಹೇಳಿದರೆ, ನಾವು ನಮ್ಮ ಮನೆಯ ಸಾರಿಗೆ ಒಂದು ಚಿಟಿಕೆ ಉಪ್ಪು ಹಾಕಿಕೊಂಡದ್ದುಂಟು.

ನಮ್ಮ ಕಾಲನಿ ದೊಡ್ಡದಲ್ಲ. ಕಾರ್ಖಾನೆಯಿಂದ ನಿವೃತ್ತರಾದವರು, ನನ್ನಂಥ ಶಾಲೆಯ ಮಾಸ್ತರಿಕೆಯವರು, ಒಂದೆರಡು ಅಂಗಡಿಯವರು ಸೇರಿ ಕಟ್ಟಿಕೊಂಡದ್ದು. ಆದರೆ ರಾಜ್ಯ ಎಷ್ಟು ದೊಡ್ಡದು ಎನ್ನುವುದು ರಾಜನ ಮೇಲೆ ಹೋಗುತ್ತದೆ. ಕಾಲನಿಯ ಸಂಘಕ್ಕೆ ಅಧ್ಯಕ್ಷರಾದ ಅವರು ಹಳಿಯಾಳದ ಬಡಿಗನಿಂದ ಸಾಗವಾನಿಯ ಒಂದು ಕುರ್ಚಿ ಮಾಡಿಸಿದ್ದರು. ಕೈಗಳಿಗೆ ಸಿಂಹದ ಮುಖ ಕೆತ್ತಲು ಹೇಳಿದ್ದರು. ಬಡಿಗ ಸಿಂಹವನ್ನು ನೋಡಿರಲಿಲ್ಲವಾದ್ದರಿಂದ ಅದು ಬೆಕ್ಕಿನಂತೆ ಬಂದಿತ್ತು. ಪ್ರತಿ ಸಭೆಗೆ ಅದನ್ನು ಇಬ್ಬರು ಹೊತ್ತು ತರಬೇಕು. ನೀರಿನ ವಾಲ್ವಿನ ಕೀಲಿ ಅವರ ಜನಿವಾರದಷ್ಟೇ ಖಾಯಂ ಆಗಿ ಅವರ ಮೈಮೇಲಿರುತ್ತಿತ್ತು. ಅವರು ಎದ್ದರೆ ನಮಗೆ ನೀರು. ಅವರಿಗೆ ನಿದ್ದೆ ಹತ್ತಿದರೆ ಇಡೀ ಕಾಲನಿಗೆ ಸ್ನಾನವಿಲ್ಲ. ಕಾಲನಿಯ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಹಾಕುವ ಅಧಿಕಾರ ಅವರೊಬ್ಬರಿಗೇ. ನಾವೆಲ್ಲ ಓದಬೇಕು, ಕೈ ಮುಗಿಯುವ ಚಿತ್ರ ಒತ್ತಬೇಕು.

ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಆಜ್ಞೆಗಳನ್ನು ಸಭಾಭವನದ ಗೋಡೆಯ ಕರಿಹಲಗೆಯ ಮೇಲೆ ಬರೆಯುವುದು ನನ್ನ ಕೆಲಸ. "ಟೀಚರ್ರ, ಕೆಳಗ ಎರಡು ಗೆರಿ ಎಳೀರಿ. ಒಂದು ಗೆರಿಗೆ ಈ ಮಂದಿ ಹೆದರೂದಿಲ್ಲ" ಎನ್ನುತ್ತಿದ್ದರು.

ಒಮ್ಮೆ ಕಾಲನಿಯವರೆಲ್ಲ ಕೋಗಿಲಬನದ ಹತ್ತಿರ ಕಾಳಿ ನದಿಯ ದಂಡೆಗೆ ಊಟಕ್ಕೆ ಹೋಗಿದ್ದೆವು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಅಲ್ಲಿ ನದಿ ನೋಡನೋಡುತ್ತ ಏರುತ್ತದೆ. ಇದು ದಾಂಡೇಲಿಯ ಕೂಸಿಗೂ ಗೊತ್ತು. ಅಧ್ಯಕ್ಷರಿಗೂ ಗೊತ್ತಿತ್ತು. ಆದರೂ ನೀರಿನ ಅಂಚಿನ ಚಪ್ಪಟೆ ಬಂಡೆಯ ಮೇಲೆಯೇ ಚಾಪೆ ಹಾಸಿಸಿದರು. ದೋಣಿ ನಡೆಸುವವನೊಬ್ಬ ಓಡಿ ಬಂದು, "ಸಾಹೇಬ್ರ, ನೀರು ಬರತೈತ್ರೀ, ಮ್ಯಾಲೆ ಏರ್ರಿ" ಎಂದ.

"ನಮ್ಮದಿನ್ನೂ ಊಟಾ ಆಗಿಲ್ಲ" ಎಂದರು ಅಧ್ಯಕ್ಷರು, ಅದು ನದಿಗೆ ತಲುಪಬೇಕಾದ ಮಾಹಿತಿ ಎಂಬಂತೆ.

ನಾವು ಮೇಲೆ ಏರಿದೆವು. ಅವರು ಏರಲಿಲ್ಲ. ನೀರು ಪಾದಕ್ಕೆ ಬಂದಾಗ ಕುಳಿತಲ್ಲಿಂದಲೇ ಬಲಗೈ ಎತ್ತಿ, ಲಾರಿ ನಿಲ್ಲಿಸುವವರಂತೆ ತಡೆದರು. ನದಿಗೆ ಅವರ ಪರಿಚಯವಿರಲಿಲ್ಲ. ಚಪ್ಪಲಿ ಹೋಯಿತು, ಚಿತ್ರಾನ್ನದ ಪಾತ್ರೆ ತಿರುಗುತ್ತ ತಿರುಗುತ್ತ ನಡುನೀರಿಗೆ ಹೋಯಿತು, ಕೊನೆಗೆ ಹೆಂಡತಿ ಹೋಗಿ ಅಂಗಿ ಹಿಡಿದು ಎಳೆದುಕೊಂಡು ಬಂದರು. ಒದ್ದೆ ಪಂಚೆಯಲ್ಲಿ ನಿಂತು ಅವರು ನನಗೆ ಹೇಳಿದ್ದು ಇಷ್ಟೇ: "ಟೀಚರ್ರ, ನೀರು ತಪ್ಪು ಟೈಮಿಗೆ ಬಂತು."

ಅವರ ಹೆಂಡತಿಯ ಬಗ್ಗೆ ಎರಡು ಮಾತು ಹೇಳಬೇಕು. ಮುಂಡಗೋಡದ ಹತ್ತಿರ ಸನವಳ್ಳಿಯವರು. ಕಾಲನಿಗೆಲ್ಲ ಕಾಕೂ, ಅಂದರೆ ಚಿಕ್ಕಮ್ಮ. ಗಂಡ ಮಾತಾಡುವಷ್ಟು ಮಾತಾಡಿದ ಮೇಲೆ ಮನೆಯಲ್ಲಿ ಮಾತಿಗೆ ಜಾಗವೇ ಉಳಿಯುತ್ತಿರಲಿಲ್ಲವಾದ್ದರಿಂದ ಅವರು ಸುಮ್ಮನಿರುವುದನ್ನು ರೂಢಿಸಿಕೊಂಡಿದ್ದರು. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಬೇಸಿಗೆ ಬಂತೆಂದರೆ ಅವರ ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ, ಶಾವಿಗೆ. ಕಾಲನಿಯ ಹೆಂಗಸರೆಲ್ಲ ಅವರ ಜೊತೆ ಲಟ್ಟಿಸಲು ಕೂತರೆ ಅದೇ ನಮ್ಮ ಕಾಲನಿಯ ನಿಜವಾದ ಸಭೆ. ಅಲ್ಲಿಗೆ ಅಧ್ಯಕ್ಷರಿಗೆ ಪ್ರವೇಶವಿರಲಿಲ್ಲ. ಅವರಿಗೆ ಆ ವಿಷಯ ಗೊತ್ತಿರಲಿಲ್ಲ.

ಇಂಥ ರಾಜ್ಯಕ್ಕೆ ಒಂದು ದಿನ ಬೆಳಗಾಗುವ ಹೊತ್ತಿಗೆ ಒಬ್ಬ ಬುಡಬುಡಿಕೆಯವನು ಬಂದ. ತಲೆಗೆ ರುಮಾಲು, ಮೈಮೇಲೆ ಬಣ್ಣ ಬಣ್ಣದ ಕೋಟು, ಕೈಯಲ್ಲಿ ಪುಟ್ಟ ಬುಡಬುಡಿಕೆ. ಅಧ್ಯಕ್ಷರು ವಾಲ್ವ್ ತಿರುಗಿಸಲು ಬಾಗಿಲು ತೆಗೆಯುವುದಕ್ಕೂ ಅವನು ಮೆಟ್ಟಿಲ ಮುಂದೆ ನಿಲ್ಲುವುದಕ್ಕೂ ಸರಿಹೋಯಿತು. ನಾನು ನಮ್ಮ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದೆ, ಕಿವಿಯಾರೆ ಕೇಳಿದೆ.

"ಹಾಲಕ್ಕಿ ನುಡೀತೈತಿ, ಖರೇ ನುಡೀತೈತಿ. ಎತ್ತರಕ ಕುಂತಾವ್ರು ತಗ್ಗಿಗೆ ಇಳೀತಾರ. ಮಂಗ್ಯಾನಿಂದ ಕುರ್ಚಿ ಹೋಗತೈತಿ."

ಅಧ್ಯಕ್ಷರು ಜೋರಾಗಿ ನಕ್ಕರು. ಅಷ್ಟು ಜೋರಾಗಿ ನಕ್ಕಿದ್ದು ಕಂಡು ನನಗೆ ಆಗಲೇ ಅನುಮಾನ ಬಂತು. ಸಂಜೆ ತುರ್ತು ಸಭೆ ಕರೆದರು.

"ನಾ ಹಣೇಬಾರ ನಂಬಾವಲ್ಲ" ಎಂದು ಶುರುಮಾಡಿದರು. "ಹಣೀ ನಂದು, ಅದರ ಮ್ಯಾಲೆ ಇನ್ನೊಬ್ಬಾತ ಹೆಂಗ ಬರೀತಾನ? ಆದ್ರ ಬಂದೋಬಸ್ತ್ ಇರಬೇಕು. ಇವತ್ತಿನಿಂದ ಕಾಲನಿಯೊಳಗ ಒಂದು ಮಂಗ್ಯಾ ಕಾಲಿಡಬಾರದು."

ದಾಂಡೇಲಿಯಲ್ಲಿ ಮಂಗ ಬರಬಾರದು ಎನ್ನುವುದು ಸಮುದ್ರದಲ್ಲಿ ಉಪ್ಪು ಇರಬಾರದು ಎಂದಂತೆ. ಸುತ್ತ ಕಾಡು. ನಮಗಿಂತ ಮೊದಲು ಅವುಗಳದೇ ಊರು. ಆದರೂ ನಾನು ಕರಿಹಲಗೆಯ ಮೇಲೆ ಬರೆದೆ: ಕಾಲನಿಯಲ್ಲಿ ಬಾಳೆಹಣ್ಣು ತರಬಾರದು, ದೇವರಿಗೂ ಇಡಬಾರದು. ಶೇಂಗಾ ಹೊರಗೆ ತಿನ್ನಬಾರದು. ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ ಒಣಗಿಸಬಾರದು. ಕೆಳಗೆ ಎರಡು ಗೆರೆ ಎಳೆದೆ.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಕಾಕೂ ಮೊದಲ ಬಾರಿಗೆ ಸಭೆಯಲ್ಲಿ ಬಾಯಿ ಬಿಟ್ಟರು. "ಹಪ್ಪಳಾ ಎಲ್ಲೆ ಒಣಗಸೂದ್ರೀ ಮತ್ತ?"

"ಒಳಗ. ಫ್ಯಾನ್ ಕೆಳಗ."

ಕಾಕೂ ಗಂಡನ ಮುಖವನ್ನು ಒಂದು ಕ್ಷಣ ನೋಡಿ ಎದ್ದು ಹೋದರು. ಫ್ಯಾನಿನ ಕೆಳಗೆ ಒಣಗಿಸಿದ ಹಪ್ಪಳಕ್ಕೆ ಬೂಷ್ಟು ಬಂದು ಅಷ್ಟನ್ನೂ ಹಾಲಿನವಳ ಎಮ್ಮೆಗೆ ಹಾಕಬೇಕಾಯಿತು. ಎಮ್ಮೆಯೂ ಮೂಸಿ ಬಿಟ್ಟಿತಂತೆ.

ಮಂಗಗಳು ಕರಿಹಲಗೆ ಓದಲಿಲ್ಲ. ಅಧ್ಯಕ್ಷರು ಮಕ್ಕಳು ಆಡುವ ದೊಡ್ಡದೊಂದು ಹುಲಿಗೊಂಬೆ ತರಿಸಿ ಸಭಾಭವನದ ತಗಡಿನ ಮೇಲೆ ಕೂರಿಸಿದರು. ಮೊದಲ ದಿನ ಮಂಗಗಳು ದೂರದಿಂದ ನೋಡಿದವು. ಎರಡನೆಯ ದಿನ ಹತ್ತಿರ ಬಂದವು. ಮೂರನೆಯ ದಿನ ಒಂದು ತಾಯಿಮಂಗ ಹುಲಿಯ ಬೆನ್ನಿಗೆ ಒರಗಿ ಮರಿಗೆ ಹೇನು ತೆಗೆಯುತ್ತಿತ್ತು.

"ಗೊಂಬಿ ಓಡಾಡಂಗಿಲ್ಲ, ಅದಕ್ಕ ಹೆದರವಲ್ವು" ಎಂದು ತೀರ್ಮಾನಿಸಿದ ಅಧ್ಯಕ್ಷರು ಓಡಾಡುವ ಹುಲಿಯ ವ್ಯವಸ್ಥೆಗೆ ಇಳಿದರು. ಕಾಲನಿಯಲ್ಲಿ ಮೋತ್ಯಾ ಎಂಬ ಕಂದು ಬಣ್ಣದ ನಾಯಿ ಇತ್ತು. ಯಾರದೂ ಅಲ್ಲ, ಎಲ್ಲರದೂ ಹೌದು. ಅಧ್ಯಕ್ಷರು ತಮ್ಮ ತಲೆಗೆ ಹಚ್ಚಿಕೊಳ್ಳುವ ಕರಿ ಬಣ್ಣವನ್ನು ಬಟ್ಟಲಲ್ಲಿ ಕಲಸಿ, ಅದರ ಮೈಮೇಲೆ ತಾವೇ ಪಟ್ಟೆ ಬರೆದರು. ಆ ವಾರ ಅವರ ತಲೆ ಬೆಳ್ಳಗೇ ಉಳಿಯಿತು. ಮೋತ್ಯಾ ಮಾತ್ರ ಚಂದ ಕಾಣುತ್ತಿತ್ತು.

ಮಂಗಗಳು ಮೋತ್ಯಾನನ್ನು ಹುಟ್ಟಿದಾಗಿನಿಂದ ಬಲ್ಲವು, ಅವು ಹೆದರಲಿಲ್ಲ. ಆದರೆ ಮೋತ್ಯಾ ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡು ಹೆದರಿತು. ಊಳಿಡುತ್ತ ಹೊಳೆಯ ಕಡೆ ಓಡಿತು. ಅಲ್ಲಿ ರೆಸಾರ್ಟಿಗೆ ಬಂದಿದ್ದ ಪ್ರವಾಸಿಗರು "ಹುಲಿ, ಹುಲಿ" ಎಂದು ಜೀಪು ಹತ್ತಿದರು. ಹುಲಿ ಜೀಪಿನ ಹಿಂದೆ ಬಾಲ ಅಲ್ಲಾಡಿಸುತ್ತ ಓಡಿತು. ಅದಕ್ಕೆ ಅವರ ಕೈಯಲ್ಲಿದ್ದ ಬಿಸ್ಕಿಟು ಕಂಡಿತ್ತು. ಸಂಜೆಗೆ ಅರಣ್ಯ ಇಲಾಖೆಯ ಗಾರ್ಡ್ ಒಬ್ಬ ಮೋತ್ಯಾನ ಕೊರಳಿಗೆ ಹಗ್ಗ ಹಾಕಿ ಕಾಲನಿಗೆ ಕರೆತಂದ.

"ಈ ಹುಲಿ ಯಾರದ್ರೀ?" ಎಂದು ಕೇಳಿದ.

ಮೋತ್ಯಾ ಸೀದಾ ಹೋಗಿ ಅಧ್ಯಕ್ಷರ ಕಾಲು ನೆಕ್ಕಿತು. ಎಲ್ಲರ ಎದುರಿಗೆ, ಅವರದೇ ವಾಲ್ವಿನ ನೀರಿನಿಂದ, ಅವರೇ ಅದಕ್ಕೆ ಸ್ನಾನ ಮಾಡಿಸಬೇಕಾಯಿತು. ಬಣ್ಣ ಪೂರ್ತಿ ಹೋಗಲಿಲ್ಲ. "ಖಾತ್ರಿ ಮಾಲು" ಎಂದರು ಅಧ್ಯಕ್ಷರು ಸೋಪು ಉಜ್ಜುತ್ತ, ಸ್ವಲ್ಪ ಹೆಮ್ಮೆಯಿಂದಲೇ.

ಇಷ್ಟರಲ್ಲಿ ವಾರ್ಷಿಕ ಸಭೆ ಬಂತು. ಅಧ್ಯಕ್ಷರ ಆಯ್ಕೆ ಅಂದೇ ಆಗಬೇಕು. ಆಯ್ಕೆ ಎಂದರೆ, ಅವರು ಕುರ್ಚಿಯಲ್ಲಿ ಕುಳಿತು, "ಮತ್ತ್ಯಾರರ ನಿಲ್ಲಾವ್ರಿದ್ರ ಕೈ ಎತ್ರಿ" ಎಂದು ಒಂದೊಂದು ಮುಖವನ್ನೂ ಹುಬ್ಬು ಗಂಟಿಕ್ಕಿ ನೋಡುವುದು. ನಾವು ನಮ್ಮ ನಮ್ಮ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುವುದು. ಆದರೆ ಆ ವರ್ಷ ಅವರಿಗೆ ಕುರ್ಚಿಯ ಚಿಂತೆ. ಮಂಗ ಬರುವುದಾದರೆ ಅಂದೇ ಬರಬೇಕು ಎಂದು ಲೆಕ್ಕ ಹಾಕಿದ್ದರು. ಸಭಾಭವನದ ಕಿಟಕಿಗಳಿಗೆಲ್ಲ ಗಟ್ಟಿ ತಂತಿಯ ಜಾಳಿಗೆ ಬಡಿಸಿದರು. ತಗಡಿನ ಸಂದಿಗಳಿಗೆ ಗೋಣಿಚೀಲ ತುರುಕಿಸಿದರು. ಹಿಂದಿನ ಸಂಜೆಯೇ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ವಾಲ್ವಿನ ಕೀಲಿಯ ಪಕ್ಕ ಪೋಣಿಸಿಕೊಂಡರು.

ಒಳಗೆ ಗಣಪತಿಯ ಮಂಟಪದ ಸಾಮಾನು ಇಡುವ ಅಟ್ಟವಿತ್ತು. ಅಲ್ಲಿ ಬಣ್ಣದ ಬಟ್ಟೆಗಳ ನಡುವೆ ಒಂದು ಗಂಡುಮಂಗ ಮಧ್ಯಾಹ್ನದ ನಿದ್ದೆಗೆ ಮಲಗಿತ್ತು ಎನ್ನುವುದನ್ನು ಯಾರೂ ನೋಡಿರಲಿಲ್ಲ. ಆ ಕಟ್ಟಡದೊಳಗೆ ಮಂಗ ಹೋಗದಂತೆ ಅಧ್ಯಕ್ಷರು ಮಾಡಿದ್ದ ಬಂದೋಬಸ್ತು ಎಷ್ಟು ಭದ್ರವಾಗಿತ್ತೆಂದರೆ, ಒಳಗಿದ್ದ ಮಂಗ ಹೊರಗೆ ಬರಲೂ ಆಗಲಿಲ್ಲ. ರಾತ್ರಿಯಿಡೀ ಉಪವಾಸ.

ಮರುದಿನ ಸಭೆ ಸೇರಿತು. ವೇದಿಕೆಯ ಮೇಲೆ ಸಾಗವಾನಿ ಕುರ್ಚಿ. ಅದರ ಪಕ್ಕ, ಗೆದ್ದ ಮೇಲೆ ತಮಗೆ ಕೊಡಲೆಂದು ತಾವೇ ತರಿಸಿದ್ದ ಹಣ್ಣಿನ ಬುಟ್ಟಿ. ಬಾಳೆಹಣ್ಣು ಇರಲಿಲ್ಲ, ಆಜ್ಞೆಯನ್ನು ಅವರೂ ಪಾಲಿಸುತ್ತಿದ್ದರು. ಸೇಬು, ಚಿಕ್ಕು, ದ್ರಾಕ್ಷಿ. ಅಧ್ಯಕ್ಷರು ಎದ್ದು ನಿಂತು "ಬಂಧುಗಳೇ" ಎಂದರು. ಆ ದನಿಗೆ ಅಟ್ಟದಲ್ಲಿದ್ದದ್ದು ಎದ್ದಿತು.

ಅದು ಬುಟ್ಟಿಯ ಮೇಲೆ ಬಿದ್ದದ್ದಷ್ಟೇ ನನಗೆ ನೆನಪು. ಆಮೇಲೆ ಎಲ್ಲರೂ ಬಾಗಿಲಲ್ಲಿದ್ದೆವು, ಆಮೇಲೆ ಹೊರಗಿದ್ದೆವು. ಕೊನೆಗೆ ಬಂದ ಕಾಕೂ, ಮಂಗ ಹೊರಬಂದು ಕೂಸುಗಳನ್ನು ಕಚ್ಚೀತೆಂದು ಬಾಗಿಲು ಎಳೆದು ಚಿಲಕ ಹಾಕಿದರು. ನಾವು ಅಂಗಳದ ಮರದಡಿ ನಿಂತು ಏದುಸಿರು ಬಿಡುತ್ತಿರುವಾಗ ಒಳಗಿನಿಂದ ಆ ಬಾಯ್ಲರ್ ಕಂಠ ಕೇಳಿಸಿತು.

"ಬಾಗಲಾ ತಗೀರಿ!"

ಮೇಜಿನ ಕೆಳಗೆ ಅಡಗಿದ್ದ ಅಧ್ಯಕ್ಷರು ಒಳಗೇ ಉಳಿದಿದ್ದರು.

"ಮಂಗ್ಯಾ ಎಲ್ಲೈತ್ರೀ?" ಎಂದು ಅಂಗಡಿಯ ಪಾಟೀಲರು ಜಾಳಿಗೆಗೆ ಬಾಯಿಟ್ಟು ಕೇಳಿದರು.

ನಾನು ಅವರಿಂದ ಎಂದೂ ಕೇಳಿರದ ಸಣ್ಣ ದನಿಯಲ್ಲಿ ಉತ್ತರ ಬಂತು. "ಕುರ್ಚಿ ಮ್ಯಾಲೆ ಕುಂತೈತಿ."

ನಗಬಾರದೆಂದು ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಪಾಟೀಲರು ಮರ ತಬ್ಬಿಕೊಂಡರು. ಬಾಗಿಲು ತೆಗೆದರೆ ಮಂಗ ಯಾರ ಮೈಮೇಲೆ ಬಂದೀತೋ ಎಂದು ಹೆದರಿಕೆ. ಅರಣ್ಯ ಇಲಾಖೆಗೆ ಫೋನು ಮಾಡಿದೆವು. ಅದೇ ಗಾರ್ಡ್. ಜೊಯಿಡಾದ ಹಾದಿಯಲ್ಲಿದ್ದೇನೆ, ಬರಲು ಹೊತ್ತಾಗುತ್ತದೆ ಎಂದ. ಅಲ್ಲಿಯವರೆಗೆ ಸದ್ದು ಮಾಡದೆ ಕೂತಿರಲು ಹೇಳಿ ಎಂದ. ಅಧ್ಯಕ್ಷರಿಗೆ ಸದ್ದು ಮಾಡದೆ ಕೂರಲು ಹೇಳುವವರು ಯಾರು?

ನಾನೇ ಕಿಟಕಿಗೆ ಹೋಗಿ ಕೇಳಿದೆ: "ಸರ್, ಸಭಾ ಮುಂದಕ್ಕ ಹಾಕೂಣೇನ್ರೀ?"

ಆಗ ಅವರು "ಹೂಂ" ಎಂದಿದ್ದರೆ ಎಲ್ಲವೂ ಬೇರೆಯಾಗುತ್ತಿತ್ತು.

"ಮುಂದಕ್ಕ?" ಎಂದು ಗುಡುಗಿದರು. "ಒಂದು ಮಂಗ್ಯಾನ ಸಲುವಾಗಿ ನನ್ನ ಸಭಾ ಮುಂದಕ್ಕ ಹೋಗೂದಿಲ್ಲ. ಅಲ್ಲೇ ಹೊರಗ ನಡಸ್ರಿ. ನಾ ಇಲ್ಲಿಂದನಾ ಅಧ್ಯಕ್ಷತಾ ವಹಿಸ್ತೇನಿ." ಮಂಗ ಗುರ್ ಎಂದಿತು. ಅವರು ದನಿ ತಗ್ಗಿಸಿ ಮುಂದುವರಿಸಿದರು. "ಮತ್ತ್ಯಾರರ ನಿಲ್ಲಾವ್ರಿದ್ರ ಕೈ ಎತ್ರಿ."

ಆ ಹುಬ್ಬು ಗೋಡೆಯ ಆಚೆ ಇತ್ತು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನಮ್ಮ ಕೈಗಳು ನಮ್ಮವಾಗಿದ್ದವು. ಆದರೂ ಯಾರೂ ಎತ್ತಲಿಲ್ಲ. ರೂಢಿ ಅಷ್ಟು ಬೇಗ ಹೋಗುವುದಿಲ್ಲ. ಎಲ್ಲರೂ ನೆಲ ನೋಡುತ್ತಿರುವಾಗ, ಹಿಂದೆ ಕಟ್ಟೆಯ ಮೇಲೆ ಕುಳಿತಿದ್ದ ಕಾಕೂ ಕೈ ಎತ್ತಿದರು. ಬಳೆ ಸದ್ದಾಯಿತು.

"ನನಗ ಹಪ್ಪಳಾ ಒಣಗಸೂದೈತ್ರಿ" ಎಂದರು. "ಅದಕ್ಕ ನಿಂತೇನಿ."

ಒಬ್ಬರಾದ ಮೇಲೆ ಒಬ್ಬರು ಹೆಂಗಸರು ಕೈ ಎತ್ತಿದರು. ಆಮೇಲೆ ಅವರವರ ಗಂಡಂದಿರು, ಮನೆಗೆ ಹೋಗಬೇಕಲ್ಲ ಎಂದು. ಕೊನೆಗೆ ನಾನೂ.

"ಆತೇನ್ರೀ ಟೀಚರ್? ಎಲ್ಲಾರೂ ಒಪ್ಪಿದ್ರ?" ಎಂದು ಒಳಗಿನಿಂದ ಕೇಳಿತು.

"ಎಲ್ಲಾರೂ ಒಪ್ಪ್ಯಾರ್ರೀ ಸರ್" ಎಂದೆ. ಸುಳ್ಳೇನಲ್ಲ.

ಅಧ್ಯಕ್ಷರು ಸ್ವೀಕಾರ ಭಾಷಣ ಶುರುಮಾಡಿದರು. ಮೇಜಿನ ಕೆಳಗಿನಿಂದ. ತಮ್ಮ ಮೇಲೆ ಮತ್ತೊಮ್ಮೆ ವಿಶ್ವಾಸ ಇಟ್ಟಿದ್ದಕ್ಕೆ ಧನ್ಯವಾದ ಹೇಳಿದರು. ಹಕ್ಕಿ ನುಡಿಯುವವರ ಮಾತು ನಂಬಿ ಹೆದರುವ ಕಾಲ ಇದಲ್ಲ ಎಂದರು. ಮನುಷ್ಯ ಮನಸ್ಸು ಮಾಡಿದರೆ ಹಣೆಬರಹವನ್ನು ಸೀಮೆಸುಣ್ಣದ ಹಾಗೆ ಒರೆಸಿ ಹಾಕಬಹುದು ಎಂದರು. ನಡುನಡುವೆ ಮಂಗ ಸೇಬು ಕಚ್ಚುವ ಸದ್ದು ಕೇಳುತ್ತಿತ್ತು. ಭಾಷಣ ತಡೆಯುವ ಧೈರ್ಯ ನಮಗಾರಿಗೂ ಇರಲಿಲ್ಲ. ಬಹಳ ಒಳ್ಳೆಯ ಭಾಷಣ ಅದು. ಅವರು ಮಾಡಿದ್ದರಲ್ಲೇ ಒಳ್ಳೆಯದು. ಮುಗಿಯುವವರೆಗೂ ಕಾದು, ಕಾಕೂ ಕಿಟಕಿಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದರು.

"ರೀ, ನಿಮ್ಮನ್ನಲ್ರೀ. ನನ್ನ ಆರಿಸ್ಯಾರ."

ಗಾರ್ಡ್ ಬಂದು ಬಾಗಿಲು ತೆಗೆದಾಗ ಮೊದಲು ಮಂಗ ಹೊರಬಂತು, ಕೈಯಲ್ಲಿ ಒಂದು ಚಿಕ್ಕು ಹಿಡಿದುಕೊಂಡು, ಯಾರನ್ನೂ ನೋಡದೆ. ಆಮೇಲೆ ಅವರು ಬಂದರು. ಅವರೂ ಯಾರನ್ನೂ ನೋಡಲಿಲ್ಲ.

ಅಂದು ಸಂಜೆ ವಾಟ್ಸಾಪ್ ಗುಂಪಿನಿಂದ ಒಬ್ಬೊಬ್ಬರನ್ನಾಗಿ ನಮ್ಮೆಲ್ಲರನ್ನೂ ತೆಗೆದುಹಾಕಿದರು. ಮೊದಲು ನನ್ನನ್ನು, ಕೊನೆಗೆ ಹೆಂಡತಿಯನ್ನು. ಗುಂಪಿನಲ್ಲಿ ಅವರೊಬ್ಬರೇ ಉಳಿದರು. ದಿನಾ ಬೆಳಿಗ್ಗೆ ಅಲ್ಲಿ ಶುಭೋದಯ ಹಾಕುತ್ತಾರೆ, ತಾವೇ ಕೈ ಮುಗಿಯುವ ಚಿತ್ರವನ್ನೂ ಒತ್ತುತ್ತಾರೆ ಎಂದು ಕಾಕೂ ಹೇಳಿದರು. ಹೇಳುವಾಗ ಅವರ ಮುಖದಲ್ಲಿ ನಗು ಇರಲಿಲ್ಲ. "ಊಟಾ ಮಾಡವಲ್ರು, ಟೀಚರ್. ಹಪ್ಪಳಾ ಕರದು ಇಟ್ಟೆ, ಮುಟ್ಟಲಿಲ್ಲ. ನಾ ಬಿಟ್ಟು ಬಿಡಲೇನು?" ಎಂದು ಕೇಳಿದರು. ಆದರೂ ಅಧ್ಯಕ್ಷಸ್ಥಾನ ಬಿಡಲಿಲ್ಲ. ಕಾಲನಿಗೆ ಹೊತ್ತಿಗೆ ಸರಿಯಾಗಿ ನೀರು ಬರತೊಡಗಿತು. ಅದಕ್ಕೆ ಒಗ್ಗಿಕೊಳ್ಳಲು ನಮಗೆ ಬಹಳ ಕಷ್ಟವಾಯಿತು.

ಕೆಲವು ವಾರ ಕಳೆದ ಮೇಲೆ ಅವರು ಒಂದು ದಿನ ಬಸ್ಸು ಹತ್ತಿ ಹಳಿಯಾಳದ ಹತ್ತಿರದ ಸಾಂಬ್ರಾಣಿ ಎಂಬ ಹಳ್ಳಿಗೆ ಹೋದರು. ಬುಡಬುಡಿಕೆಯವನು ಆ ಕಡೆ ಬಿಡಾರ ಹೂಡಿದ್ದಾನೆಂದು ಯಾರೋ ಹೇಳಿದ್ದರಂತೆ. ಹೊಡೆಯಲು ಹೋದರೋ ಕಾಲಿಗೆ ಬೀಳಲು ಹೋದರೋ ಅವರಿಗೇ ಗೊತ್ತಿರಲಿಲ್ಲ. ಹಿಂತಿರುಗಿ ಸೀದಾ ನಮ್ಮ ಮನೆಗೆ ಬಂದರು. ಎಷ್ಟೋ ದಿನಗಳ ಮೇಲೆ ಮುಖ ಅರಳಿತ್ತು.

"ಟೀಚರ್ರ, ಆ ನುಡಿ ನಂದಲ್ಲ! ನಿಮ್ಮ ಮನಿ ಮುಂದ ನುಡಿಯೂದಿತ್ತಂತ. ನಿಮ್ಮ ಗೇಟಿನಾಗ ಮೋತ್ಯಾ ಮಲಗಿತ್ತು, ಕಡದೀತಂತ ಅಂಜಿ ನನ್ನ ಕಡೆ ಬಂದನಂತ."

"ನಂದಾ?" ಎಂದೆ. ಆಗಷ್ಟೇ ನನಗೆ ಮುಖ್ಯೋಪಾಧ್ಯಾಯಿನಿಯ ಕುರ್ಚಿ ಸಿಕ್ಕಿತ್ತು.

"ನಿಮ್ದು. ನನ್ನ ಹಣ್ಯಾಗ ಮಂಗ್ಯಾ ಇರಲೇ ಇಲ್ಲ. ಅವನ ಮುಂದ ನಾನಾ ಬಾಗಲಾ ತಗದೆ, ನಾನಾ ಜಾಳಗಿ ಬಡಸಿದೆ, ನಾನಾ ಸಭಾ ನಡಸ್ರಿ ಅಂದೆ." ಎದೆ ಉಬ್ಬಿಸಿ ಕುಳಿತರು. "ಅಂದ್ರ ನನ್ನ ಸೋಲಿಸಿದ್ದು ವಿಧಿ ಅಲ್ಲ. ನಾನಾ! ನನ್ನ ಸೋಲಸಾಕ ನಾನಾ ಬೇಕಾತು, ನೋಡ್ರಿ."

ಅಷ್ಟು ಸಂತೋಷದಿಂದ ತಮ್ಮ ಸೋಲನ್ನು ಹೇಳಿಕೊಂಡ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಆ ರಾತ್ರಿ ಊಟ ಮಾಡಿದರಂತೆ. ಹಪ್ಪಳ ಎರಡು ಸಲ ಕೇಳಿ ಹಾಕಿಸಿಕೊಂಡರಂತೆ. ಅಂದಿನಿಂದ ಶಾಲೆಗೆ ಹೋಗುವಾಗ ಹಾದಿಯ ಮರಗಳನ್ನು ಒಮ್ಮೆ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು.

ಆಮೇಲಿನ ವರ್ಷಗಳಲ್ಲಿ ಕಾಕೂ ಸಭೆ ನಡೆಸುವಾಗ ಅವರು ಮುಂದಿನ ಸಾಲಿನಲ್ಲಿ ಕುಳಿತು ಪ್ರತಿಯೊಂದಕ್ಕೂ ತಕರಾರು ಎತ್ತುತ್ತಿದ್ದರು. ಕಾಕೂ ಪೂರ್ತಿ ಕೇಳಿಸಿಕೊಂಡು, "ಆತ್ರೀ, ಮನಿಗೆ ಹೋಗಿ ಮಾತಾಡೂಣು" ಎನ್ನುತ್ತಿದ್ದರು. ಅಲ್ಲಿಗೆ ತಕರಾರು ಮುಗಿಯುತ್ತಿತ್ತು. ಮಾಳಿಗೆಯ ಮೇಲೆ ಹಪ್ಪಳ ಒಣಗುವಾಗ ಕೋಲು ಹಿಡಿದು ಕಾಯುವ ಕೆಲಸ ಅವರದಾಯಿತು. ಮಂಗಗಳಿಗೆ ಉದ್ದುದ್ದ ಭಾಷಣ ಮಾಡುತ್ತಿದ್ದರು.

ಹೋದ ಮಳೆಗಾಲದ ಕೊನೆಗೆ ಎದೆನೋವು ಬಂತು. ಧಾರವಾಡದ ಒಂದು ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಇಟ್ಟರು. ನೋಡಲು ಹೋದಾಗ ದನಿ ಇಳಿದಿತ್ತು, ನಾನು ಬಾಗಿ ಕೇಳಬೇಕಾಯಿತು. "ಡಾಕ್ಟರ್ ಏನಂದಾರ್ರೀ ಸರ್?" ಎಂದರೆ, "ಅಂವಾ ಏನೋ ಅಂತಾನ. ನಾ ಇನ್ನೂ ಮಂಜೂರಿ ಕೊಟ್ಟಿಲ್ಲ" ಎಂದರು. ಮಂಜೂರಿಗೆ ಯಾರೂ ಕಾಯಲಿಲ್ಲ. ಹತ್ತು ದಿನಗಳೊಳಗೆ ಆ ಕೂಗು ನಮ್ಮ ಕಾಂಪೌಂಡಿಗೆ ಬಂತು.

ದೇಹವನ್ನು ಮನೆಗೆ ತಂದು ಪಡಸಾಲೆಯಲ್ಲಿ ಮಲಗಿಸಿದ್ದರು. ಕಾಲನಿಯವರೆಲ್ಲ ಸೇರಿದ್ದೆವು. ಅಷ್ಟರಲ್ಲಿ ಗೇಟಿನ ಮುಂದೆ ಒಂದು ಟೆಂಪೊ ಬಂದು ನಿಂತಿತು. ಅದರಿಂದ ನಾವು ಎಂದೂ ನೋಡಿರದ ಜನ ಇಳಿದರು. ಒಬ್ಬನ ಕೈಗೆ ಪ್ಲಾಸ್ಟರು. ಒಬ್ಬ ಮುದುಕ ಊರುಗೋಲಿನ ಮೇಲೆ. ಒಬ್ಬ ಹೆಂಗಸಿನ ತಲೆಗೆ ಬಿಳಿಯ ಪಟ್ಟಿ. ಕೈಯಲ್ಲಿ ಒಂದು ದೊಡ್ಡ ಹೂವಿನ ಹಾರ.

"ಅಧ್ಯಕ್ಷರ ಮನಿ ಯಾವುದ್ರೀ?" ಎಂದು ಪ್ಲಾಸ್ಟರಿನವನು ಕೇಳಿದ.

ಪಾಟೀಲರು ಒಳಗೆ ಕುಳಿತ ಕಾಕೂ ಕಡೆಗೆ ಕೈ ತೋರಿಸಿ, "ಅಲ್ಲಿ ಕುಂತಾರ ನೋಡ್ರಿ" ಎಂದರು.

"ಇವರಲ್ರೀ" ಎಂದ ಅವನು. "ನಮ್ಮ ವಾರ್ಡಿನ ಅಧ್ಯಕ್ಷರು. ಫ್ಯಾನ್ ಯಾವಾಗ ಹಚ್ಚೂದು, ಲೈಟ್ ಯಾವಾಗ ಆರಸೂದು, ಎಲ್ಲಾ ಅವರಾ ನೋಡ್ತಿದ್ರು. ನಾವು ಆರಿಸಿದ್ವಿ. ಎಲ್ಲಾರೂ ಕೈ ಎತ್ತಿದ್ವಿ ರೀ." ತನ್ನ ಪ್ಲಾಸ್ಟರಿನ ಕೈಯನ್ನು ತೋರಿಸಿದ. "ನಾ ಈ ಕೈನ ಎತ್ತೇನಿ."

ಕಾಕೂ ಎದ್ದು ಬಂದರು. ಅವರ ಕೈಯಿಂದ ಹಾರ ತೆಗೆದುಕೊಳ್ಳಲಿಲ್ಲ. ಪಕ್ಕಕ್ಕೆ ಸರಿದು, ಮಲಗಿದ್ದ ಗಂಡನ ಕಡೆ ದಾರಿ ಬಿಟ್ಟು, "ಬರ್ರಿ" ಎಂದರು. "ಅಧ್ಯಕ್ಷರು ಒಳಗದಾರ."